ನೀಲಿ ಡ್ರಮ್ಮಿನಲ್ಲಿ ಹೋದದ್ದು ಹಾಲಿನಲ್ಲಿ ಮರಳಿ ಬರುತ್ತದೆ

ಪ್ರಶ್ನೆ: ಮೇಡಂ, ನಾವು ಕುಂದಾಪುರದ ಕಡೆಯವರು. ಡೊಂಬಿವಲಿಯಲ್ಲಿ ಮನೆ, ಅಂಬರನಾಥದಲ್ಲಿ ಒಂದು ಸಣ್ಣ ಘಟಕ. ದಿನಕ್ಕೆ 400 ಲೀಟರ್ ಹಾಲಿನ ಪನೀರ್, 40 ಕಿಲೋ ಸೋಯಾದ ತೋಫು, 150 ತೆಂಗಿನಕಾಯಿಯ ಹಾಲು ಮಾಡಿ ಮಾಟುಂಗಾ, ಚೆಂಬೂರು, ಠಾಣೆಯ ಹೋಟೆಲುಗಳಿಗೆ ಕೊಡುತ್ತೇವೆ. ಪನೀರ್ ಒಡೆದ ನೀರು ಗಟಾರಕ್ಕೆ ಹೋಗುತ್ತದೆ. ಹಾಲು ಹಿಂಡಿ ಉಳಿದ ಸೋಯಾ ಚರಟ, ಕಾಯಿ ಚರಟ ಎರಡನ್ನೂ ಒಂದೇ ನೀಲಿ ಡ್ರಮ್ಮಿಗೆ ತುಂಬಿಸಿಡುತ್ತೇವೆ. ಸಂಜೆ ಕಲ್ಯಾಣ ಕಡೆಯ ತಬೇಲಾದವರು ಎಮ್ಮೆಗಳಿಗೆಂದು ಒಯ್ಯುತ್ತಾರೆ. ನಮ್ಮ ಹಾಲಿನಲ್ಲಿ ಅರ್ಧ ಅವರದ್ದೇ. ಓದು ಮುಗಿಸಿ ಬಂದ ಮಗಳು, ‘ಇದೆಲ್ಲ ಕಸ ಅಲ್ಲಪ್ಪ, ಸರ್ಕ್ಯುಲರ್ ಇಕಾನಮಿ ಅಂತ ಇದೆ, ಚರಟದಿಂದ ಬಿಸ್ಕತ್ತು ಮಾಡೋಣ, ಪನೀರ್ ನೀರಿಂದ ಡ್ರಿಂಕ್ ಮಾಡೋಣ, ಕಾಯಿ ಚರಟ ಹುದುಗಿಸಿ ಏನಾದರೂ ಮಾಡೋಣ’ ಅನ್ನುತ್ತಾಳೆ. ಚೆನ್ನಾಗಿ ಕುದಿಸಿದರೆ ಸಾಕಲ್ಲವೇ? ಊರಲ್ಲಿ ಅಮ್ಮ ಎಲ್ಲವನ್ನೂ ದನಕ್ಕೇ ಹಾಕುತ್ತಿದ್ದರು, ಯಾರಿಗೂ ಏನೂ ಆಗಲಿಲ್ಲ.

ಉತ್ತರ: ನಿಮ್ಮ ಪತ್ರ ಓದುತ್ತಾ ನಾನು ನಿಂತದ್ದು ‘ನಮ್ಮ ಹಾಲಿನಲ್ಲಿ ಅರ್ಧ ಅವರದ್ದೇ’ ಎಂಬಲ್ಲಿ. ಮಗಳು ಹೊಸದಾಗಿ ಶುರು ಮಾಡೋಣ ಅನ್ನುತ್ತಿರುವ ವರ್ತುಲ ನಿಮ್ಮ ಘಟಕದಲ್ಲಿ ಆಗಲೇ ತಿರುಗುತ್ತಿದೆ. ನಿಮ್ಮ ಚರಟ ಎಮ್ಮೆಯ ಹೊಟ್ಟೆಗೆ ಹೋಗುತ್ತದೆ, ಎಮ್ಮೆಯ ಹಾಲು ನಿಮ್ಮ ಕಡಾಯಿಗೆ ಬರುತ್ತದೆ. ವರ್ತುಲ ಆರ್ಥಿಕತೆ ಎಂದು ದೊಡ್ಡ ಹೆಸರಿಟ್ಟು ಹೇಳುವುದು ಇದನ್ನೇ. ಅದರಲ್ಲಿ ನನಗೆ ಕಾಣುವ ತೊಡಕೂ ಒಂದೇ. ಗಟಾರಕ್ಕೆ ಎಸೆದ ತಪ್ಪು ಊರಿಗೆ ಕೆಟ್ಟದ್ದು, ಆದರೆ ನಿಮ್ಮನ್ನು ಬಿಟ್ಟು ಹೋಗುತ್ತದೆ. ಸುತ್ತಿನೊಳಗೆ ಬಿದ್ದ ತಪ್ಪು ಹಾಗಲ್ಲ, ನಾಲ್ಕು ದಿನ ಬಿಟ್ಟು ಬೇರೆ ವೇಷ ಹಾಕಿಕೊಂಡು ನಿಮ್ಮ ಬಾಗಿಲಿಗೇ ಬರುತ್ತದೆ. ಆದ್ದರಿಂದ ಮಾಡಬೇಡಿ ಎನ್ನುವುದಿಲ್ಲ. ಎಲ್ಲಿ ತಡೆ ಹಾಕಬೇಕು ಎಂಬುದನ್ನು ಮೊದಲು ನೋಡೋಣ.

ಅಮ್ಮನ ಮಾತನ್ನು ನಾನು ತಳ್ಳಿಹಾಕುವವಳಲ್ಲ. ನಮ್ಮ ಕಡೆ ಅಕ್ಕಚ್ಚು, ಮೈಸೂರು ಕಡೆ ಕಲಗಚ್ಚು: ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಅನ್ನ ಬಸಿದ ಗಂಜಿ ಎಲ್ಲ ಒಂದು ಬಾಲ್ದಿಯಲ್ಲಿ. ಅದು ಹತ್ತು ನಿಮಿಷದಲ್ಲಿ ಹಟ್ಟಿ ಸೇರುತ್ತಿತ್ತು. ಒಂದೆರಡು ದನ, ಒಂದು ಬಾಲ್ದಿ, ಒಯ್ಯುವವರೂ ಹಾಲು ಕರೆಯುವವರೂ ಅಮ್ಮನೇ. ದನ ಮೂಸಿ ಮುಖ ತಿರುಗಿಸಿದರೆ ಅದು ಗೊಬ್ಬರದ ಗುಂಡಿಗೆ. ಆ ಪದ್ಧತಿಯ ಸುರಕ್ಷತೆ ಇದ್ದದ್ದು ಆ ಹತ್ತು ನಿಮಿಷದಲ್ಲಿ. ನಿಮ್ಮಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತಿರುವ ಡ್ರಮ್ಮಿಗೆ ಆ ಹಳೆಯ ಪುಣ್ಯ ವರ್ಗವಾಗುವುದಿಲ್ಲ.

ಡ್ರಮ್ಮಿನ ಸಂಗತಿಯನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ಕೆಲವು ವರ್ಷಗಳ ಹಿಂದೆ ನಿಮ್ಮಂಥದ್ದೇ ಒಂದು ತೋಫು ಘಟಕಕ್ಕೆ ಹೋಗಿದ್ದೆ, ಹೆಸರು ಬೇಡ. ಬೆಳಿಗ್ಗೆ ಏಳಕ್ಕೆ ತುಂಬಿದ ಡ್ರಮ್ಮು ಮೂಲೆಯಲ್ಲಿ ಹಸಿ ಗೋಣಿ ಹೊದ್ದು ನಿಂತಿತ್ತು. ಮಾಲೀಕರು ಮೇಲಿನಿಂದ ಒಂದು ಹಿಡಿ ತೆಗೆದು, ‘ನೋಡಿ ಮೇಡಂ, ತಣ್ಣಗಿದೆ, ವಾಸನೆಯೂ ಇಲ್ಲ’ ಎಂದರು. ಹೌದು, ಮೇಲೆ ತಣ್ಣಗಿತ್ತು. ಉದ್ದ ಮೊನೆಯ ಥರ್ಮಾಮೀಟರನ್ನು ನಡುಮಧ್ಯಕ್ಕೆ ಚುಚ್ಚಿದೆ. ಹನ್ನೆರಡು ಗಂಟೆಗೆ ಅಲ್ಲಿ 44 ಡಿಗ್ರಿ. ಐದು ಗಂಟೆ ಕಳೆದಿತ್ತು, ಹೊಟ್ಟೆಯೊಳಗಿನ ಬಿಸಿ ಆರಿರಲಿಲ್ಲ. ಕೈ ಹಾಕಿ ತಳದಿಂದ ಒಂದಿಷ್ಟು ಮೇಲೆ ತಂದಾಗ ಹುಳಿ ಹಿಡಿದ ಹಿಟ್ಟಿನ ಸಪ್ಪೆ ವಾಸನೆ, ಬೆರಳಿಗೆ ಸಣ್ಣ ಲೋಳೆ. ಮಾಲೀಕರು ಮಾತಾಡಲಿಲ್ಲ.

ಇದು ಆಶ್ಚರ್ಯವೇನಲ್ಲ. ರಾಶಿಯ ದಪ್ಪ ಇಮ್ಮಡಿಯಾದರೆ ಒಳಗಿನ ಬಿಸಿ ಆರಲು ಬೇಕಾಗುವ ಸಮಯ ಹೆಚ್ಚುಕಡಿಮೆ ನಾಲ್ಮಡಿ. ಎರಡು ಸೆಂಟಿಮೀಟರ್ ದಪ್ಪಕ್ಕೆ ಟ್ರೇಯಲ್ಲಿ ಹರವಿದ ಚರಟ ಬೇಗ ಆರುತ್ತದೆ. ಅದೇ ಚರಟ ಡ್ರಮ್ಮಿನಲ್ಲಿ ದಿನವಿಡೀ ಬೆಚ್ಚಗೆ ಕಾವು ಕೂರುತ್ತದೆ. 5 ರಿಂದ 60 ಡಿಗ್ರಿಯ ನಡುವೆ ರೋಗಾಣುಗಳು ಬೆಳೆಯುತ್ತವೆ ಎಂಬುದು ಎಲ್ಲ ಹೋಟೆಲಿನವರಿಗೂ ಗೊತ್ತು. ಆ ಪಟ್ಟಿಯೊಳಗೂ ಕೆಲವಕ್ಕೆ ಹಬ್ಬದ ಜಾಗ ಎಂಬುದಿದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಅಣುಜೀವಿಗೆ ಗಾಳಿ ಬೇಡ, ಅದರ ಮೆಚ್ಚಿನ ಬಿಸಿ 43-45 ಡಿಗ್ರಿ. ಅನುಕೂಲ ಸಿಕ್ಕರೆ ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಒಂದು ಇದ್ದದ್ದು ಎರಡೇ ಗಂಟೆಯಲ್ಲಿ ನಾಲ್ಕು ಸಾವಿರ ದಾಟುತ್ತದೆ. ನಿಮ್ಮ ಡ್ರಮ್ಮಿನ ನಡುಭಾಗದಲ್ಲಿ ಗಾಳಿಯೂ ಇಲ್ಲ, ಬಿಸಿಯೂ ಬಹುಶಃ ಅಷ್ಟೇ.

ಇನ್ನು ‘ಕುದಿಸಿದರೆ ಸಾಕಲ್ಲವೇ’. ಸಾಲದು. ಪರ್ಫ್ರಿಂಜೆನ್ಸ್, ಬ್ಯಾಸಿಲಸ್ ಸೀರಿಯಸ್ ಇವೆರಡೂ ಬೀಜಕಗಳಾಗಿ, ಅಂದರೆ ಗಟ್ಟಿ ಕವಚದೊಳಗೆ ಮಲಗಿ, ಕುದಿಯುವ ನೀರನ್ನು ತಡೆದುಕೊಳ್ಳುತ್ತವೆ, ಬಿಸಿ ಇಳಿದಾಗ ಮತ್ತೆ ಮೊಳೆಯುತ್ತವೆ. ಅದಕ್ಕಿಂತ ಕೆಟ್ಟದ್ದು, ಬ್ಯಾಸಿಲಸ್ ಸೀರಿಯಸ್ ಪಿಷ್ಟದ ಆಹಾರದಲ್ಲಿ ಉಗುಳಿಡುವ ವಾಂತಿಯ ವಿಷ 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಟ್ಟರೂ ಅಳಿಯುವುದಿಲ್ಲ. ಕೆಲಸದವರ ಕೈಗಾಯದಿಂದ, ಮೂಗಿನಿಂದ ಬರುವ ಸ್ಟಫಿಲೊಕಾಕಸ್‌ನ ವಿಷವೂ ಕುದಿಗೆ ಬಗ್ಗುವುದಿಲ್ಲ. ಹಾವನ್ನು ಕೊಂದರೂ ಪಾತ್ರೆಗೆ ಬಿದ್ದ ವಿಷ ಹೋಗಲಿಲ್ಲ ಎನ್ನುವ ಹಾಗೆ. ಸಂಜೆ ಕುದಿಸಿ ಸರಿಮಾಡುವ ಲೆಕ್ಕಾಚಾರವನ್ನು ದಯವಿಟ್ಟು ತಲೆಯಿಂದ ತೆಗೆದುಹಾಕಿ. ಚರಟ ಆಹಾರವೋ ಕಸವೋ ಎಂಬುದು ಮೊದಲ ಎರಡು ಗಂಟೆಯಲ್ಲಿ ತೀರ್ಮಾನವಾಗುತ್ತದೆ. ಬಟ್ಟೆಯಿಂದ ಹಿಂಡಿದ ಗಳಿಗೆಯಿಂದಲೇ ತೋಫುವಿಗೆ ಕೊಡುವ ಮರ್ಯಾದೆಯನ್ನು ಅದಕ್ಕೂ ಕೊಟ್ಟಿದ್ದರೆ ಅದು ಆಹಾರ. ಒಮ್ಮೆ ಗೋಣಿ ಹೊದ್ದ ಡ್ರಮ್ಮಿಗೆ ಬಿತ್ತೋ, ಆಮೇಲೆ ಮನುಷ್ಯರ ತಟ್ಟೆಗೆ ಅದಕ್ಕೆ ದಾರಿಯಿಲ್ಲ.

ಈಗ ಬಿಸ್ಕತ್ತಿಗೆ ಬರೋಣ. ನಿಮ್ಮ 40 ಕಿಲೋ ಸೋಯಾದಿಂದ ದಿನಕ್ಕೆ ಸುಮಾರು 45 ಕಿಲೋ ಹಸಿ ಚರಟ ಬರುತ್ತಿರಬೇಕು. ಜಪಾನಿನಲ್ಲಿ ಇದನ್ನು ಒಕಾರಾ ಎಂದು ಕರೆದು ಪಲ್ಯ ಮಾಡಿ ತಿನ್ನುತ್ತಾರೆ, ಹೀನವಾಗಿ ನೋಡುವ ವಸ್ತು ಅಲ್ಲ. ಒಣತೂಕದಲ್ಲಿ ಕಾಲುಭಾಗ ಪ್ರೋಟೀನು, ಅರ್ಧದಷ್ಟು ನಾರು. ತೊಂದರೆ ಏನೆಂದರೆ ಮುಕ್ಕಾಲಿಗೂ ಹೆಚ್ಚು ಭಾಗ ನೀರು. ಅದನ್ನು ಒಣಗಿಸಿ ಹಿಟ್ಟು ಮಾಡಿದರೆ 11 ಕಿಲೋ ಸಿಕ್ಕೀತು, ಅಂದರೆ ದಿನಾ 34-35 ಕಿಲೋ ನೀರನ್ನು ಆವಿ ಮಾಡಬೇಕು. ಬರೀ ಆವಿ ಮಾಡಲು ಬೇಕಾದ ಶಾಖವೇ 22 ಯೂನಿಟ್ ವಿದ್ಯುತ್ತಿನಷ್ಟು. ಟ್ರೇ ಡ್ರೈಯರಿನಲ್ಲಿ ಸೋರಿಹೋಗುವುದನ್ನು ಸೇರಿಸಿ 40-45 ಯೂನಿಟ್ ಇಟ್ಟುಕೊಳ್ಳಿ. ಯೂನಿಟ್ಟಿಗೆ ಹತ್ತು ರೂಪಾಯಿ ಎಂದು ಹಿಡಿದರೂ ಕಿಲೋ ಹಿಟ್ಟಿಗೆ ಕರೆಂಟಿಗೇ 40 ರೂಪಾಯಿ. ಮಗಳ ಲ್ಯಾಪ್‌ಟಾಪಿನ ಲೆಕ್ಕದಲ್ಲಿ ಈ ಸಾಲು ಇದೆಯೇ, ಕೇಳಿ ನೋಡಿ. ಮೊದಲು ಸ್ಕ್ರೂ ಪ್ರೆಸ್ಸಿನಲ್ಲಿ ಚೆನ್ನಾಗಿ ಹಿಂಡಿಕೊಂಡರೆ ಖರ್ಚು ಇಳಿಯುತ್ತದೆ. ಯಂತ್ರದಿಂದ ತೆಗೆದ ನೀರು ಯಾವತ್ತೂ ಶಾಖದಿಂದ ತೆಗೆದ ನೀರಿಗಿಂತ ಅಗ್ಗ.

‘ತಾರಸಿಯ ಮೇಲೆ ಬಿಸಿಲಿಗೆ ಹಾಕಿದರೆ ಪುಕ್ಕಟೆ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನಮ್ಮ ಮುಂಬಯಿಯ ಕಬೂತರಗಳು ಆ ತಾರಸಿಯನ್ನು ನಿಮಗಿಂತ ಮೊದಲೇ ಬಾಡಿಗೆಗೆ ಹಿಡಿದಿರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ, ಪಾಪಡ್ ಒಣಗದ ಕಾಲದಲ್ಲಿ ಚರಟ ಒಣಗುತ್ತದೆಯೇ? ಅರ್ಧ ಒಣಗಿದ ಚರಟ ಪೂರ್ತಿ ಹಸಿಯದಕ್ಕಿಂತ ಅಪಾಯ, ಬೂಷ್ಟಿಗೆ ಬೇಕಾದದ್ದೇ ಆ ಹದ. 70-80 ಡಿಗ್ರಿಯ ಗಾಳಿಯಲ್ಲಿ, ತೆಳು ಹಾಸಿನಲ್ಲಿ, ತೇವ ಶೇಕಡಾ 10ಕ್ಕಿಂತ ಕೆಳಗೆ ಬರುವವರೆಗೆ ಒಣಗಿಸಿ, ಅಂದೇ ಗಾಳಿಯಾಡದ ಚೀಲಕ್ಕೆ ತುಂಬಬೇಕು.

ಇನ್ನೊಂದು ಮಾತು, ಇದನ್ನು ಬಹಳ ಜನ ಮರೆಯುತ್ತಾರೆ. ನೀವು ರುಬ್ಬಿದ ಸೋಯಾವನ್ನು ಮೊದಲು ಕುದಿಸಿ ಆಮೇಲೆ ಸೋಸುತ್ತೀರೋ, ಸೋಸಿದ ಮೇಲೆ ಹಾಲನ್ನು ಮಾತ್ರ ಕುದಿಸುತ್ತೀರೋ? ಎರಡನೆಯ ಪದ್ಧತಿಯಾದರೆ ಚರಟ ಹಸಿಯಾಗಿಯೇ ಉಳಿದಿರುತ್ತದೆ. ಹಸಿ ಸೋಯಾದಲ್ಲಿ ಪ್ರೋಟೀನಿನ ಜೀರ್ಣಕ್ಕೆ ಅಡ್ಡ ಬರುವ ಅಂಶ ಇದೆ. ಒದ್ದೆ ಇರುವಾಗಲೇ ಚೆನ್ನಾಗಿ ಹಬೆಯಲ್ಲಿ ಬೇಯಿಸಿದರೆ ಅದು ಕುಂದುತ್ತದೆ, ಒಣಗಿದ ಮೇಲೆ ಹುರಿಯುವುದಕ್ಕಿಂತ ಇದು ನಂಬಿಕೆಯ ದಾರಿ.

ಪನೀರ್ ನೀರಿನ ಕತೆ ಬೇರೆಯೇ. ಆ ತಿಳಿ ಹಸಿರು ಮಿಶ್ರಿತ ಹಳದಿ ಬಣ್ಣ ಗಮನಿಸಿದ್ದೀರಲ್ಲ? ಅದು ರೈಬೊಫ್ಲೇವಿನ್, ಬಿ2 ಜೀವಸತ್ವ. 400 ಲೀಟರ್ ಹಾಲಿಗೆ 320 ಲೀಟರಿನಷ್ಟು ನೀರು ಬರುತ್ತದೆ, ಅದರಲ್ಲಿ ಸುಮಾರು 15 ಕಿಲೋ ಹಾಲಿನ ಸಕ್ಕರೆ ಕರಗಿರುತ್ತದೆ. ದಿನಾ 15 ಕಿಲೋ ಸಕ್ಕರೆಯನ್ನು ಗಟಾರಕ್ಕೆ ಸುರಿಯುತ್ತಿದ್ದೀರಿ ಎಂದರೆ ನಿಮ್ಮಮ್ಮ ಏನನ್ನುತ್ತಿದ್ದರು? ಗಟಾರದ ಅಣುಜೀವಿಗಳು ಅದನ್ನು ತಿನ್ನಲು ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಹೀರುತ್ತವೆ. ಒಂದು ಲೀಟರ್ ಹಾಲೊಡಕಿಗೆ, ಅಂದರೆ ಈ ಪನೀರ್ ನೀರಿಗೆ, 30ರಿಂದ 50 ಗ್ರಾಂ ಆಮ್ಲಜನಕ ಬೇಕು. ಒಬ್ಬ ಮನುಷ್ಯನ ದಿನದ ಮಲಿನಕ್ಕೆ ಬೇಕಾಗುವುದು 45-50 ಗ್ರಾಂ. ಲೆಕ್ಕ ಹಾಕಿದರೆ ನಿಮ್ಮ ಪುಟ್ಟ ಘಟಕ ಗಟಾರದ ಮಟ್ಟಿಗೆ ಇನ್ನೂರೈವತ್ತು ಜನರ ಒಂದು ಚಾಳ್. ನದಿ ನಾಲೆಗೆ ಬಿಡುವ ನೀರಿಗೆ ನಿಯಮದಲ್ಲಿರುವ ಮಿತಿ ಲೀಟರಿಗೆ 30 ಮಿಲಿಗ್ರಾಂ, ಗ್ರಾಂ ಅಲ್ಲ. ಬಿಸ್ಕತ್ತು ಆಮೇಲೆ ನೋಡಿಕೊಳ್ಳೋಣ, ಮೊದಲು ಇದನ್ನು ನಿಲ್ಲಿಸಿ.

ಆದರೆ ಡ್ರಿಂಕ್ ಮಾಡಿ ಮಾರುವುದಕ್ಕೆ ನಾನು ಅಷ್ಟು ಬೇಗ ಹ್ಞೂಂ ಅನ್ನುವುದಿಲ್ಲ. ಒಂದು, ಪನೀರ್ ನೀರಿನಲ್ಲಿ ಪ್ರೋಟೀನು ನೀವು ಅಂದುಕೊಂಡಷ್ಟು ಇಲ್ಲ. ಹಾಲನ್ನು 90 ಡಿಗ್ರಿಗೆ ಕಾಯಿಸಿದಾಗ ಹಾಲೊಡಕಿನ ಪ್ರೋಟೀನಿನ ಬಹುಪಾಲು ಪನೀರಿನ ಜೊತೆಗೇ ಗಟ್ಟಿಯಾಗಿ ಬಂದುಬಿಡುತ್ತದೆ; ನೀರಿನಲ್ಲಿ ಉಳಿಯುವುದು ಅರ್ಧ ಪರ್ಸೆಂಟೂ ಇಲ್ಲ. ಜಿಮ್ಮಿನ ಹುಡುಗರಿಗೆ ‘ವೇ ಪ್ರೋಟೀನ್’ ಎಂದು ಮಾರಿದರೆ ಅದು ಮೋಸವೇ. ಎರಡು, ಹುಳಿ ಹಾಕಿ ಒಡೆದದ್ದು ತಾನೇ, ಹುಳಿಯಲ್ಲಿ ರೋಗಾಣು ಬೆಳೆಯುವುದಿಲ್ಲ ಎಂಬ ನಂಬಿಕೆ. ಆ ರಕ್ಷಣೆ ಸಿಗುವುದು ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗಿಳಿದರೆ ಮಾತ್ರ. ಪನೀರ್ ನೀರು ಸಾಮಾನ್ಯವಾಗಿ 5ರ ಮೇಲೇ ಇರುತ್ತದೆ, ನಾಲಿಗೆಗೆ ಹುಳಿ, ರೋಗಾಣುವಿಗೆ ಅಲ್ಲ. ಮಾರುವುದೇ ಆದರೆ ಕೋಕಮ್, ಅಂದರೆ ನಮ್ಮ ಪುನರ್ಪುಳಿ, ಅಥವಾ ಲಿಂಬೆ ಹಾಕಿ ಪಿಎಚ್ 4.2ರ ಆಸುಪಾಸಿಗೆ ತಂದು, ಮೀಟರಿನಲ್ಲಿ ಅಳೆದು, ಪಾಶ್ಚರೀಕರಿಸಿ, ಮುಚ್ಚಳ ಬಿಗಿದು, ತಣ್ಣಗೆ ಸಾಗಿಸಬೇಕು. ಪುನರ್ಪುಳಿಯ ಬಣ್ಣಕ್ಕೆ ಗಿರಾಕಿ ಸಿಗುವುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದು ಬಾಟಲಿಯ ವ್ಯಾಪಾರ, ಇನ್ನೊಂದು ಘಟಕವನ್ನೇ ಕಟ್ಟಿದ ಹಾಗೆ.

ಇದಕ್ಕಿಂತ ಸುಲಭದ ದಾರಿ ನಿಮ್ಮ ಗಿರಾಕಿಗಳಲ್ಲೇ ಇದೆ. ಹೋಟೆಲಿನವರು ದಿನಾ ಚಪಾತಿ ಹಿಟ್ಟು, ಬನ್ಸ್ ಹಿಟ್ಟು ಕಲಸುತ್ತಾರೆ. ನೀರಿನ ಬದಲು ಪನೀರ್ ನೀರು ಹಾಕಿದರೆ ಚಪಾತಿ ಮೆತ್ತಗೆ ಬರುತ್ತದೆ, ಹಾಲಿನ ಸಕ್ಕರೆಯಿಂದ ಚಂದ ಕೆಂಬಣ್ಣವೂ ಬರುತ್ತದೆ. ನೀವು ಮಾಡಬೇಕಾದದ್ದು, ಬಿಸಿಬಿಸಿ ಇರುವಾಗಲೇ ತೊಳೆದು ಹಬೆ ಹಾಯಿಸಿದ ಸ್ಟೀಲ್ ಕ್ಯಾನಿಗೆ ಸೋಸಿ ಮುಚ್ಚುವುದು, 60ರ ಕೆಳಗೆ ಇಳಿಯುವ ಮೊದಲೇ ಐಸ್ ನೀರಿನ ತೊಟ್ಟಿಯಲ್ಲಿಟ್ಟು ಬೇಗ 5 ಡಿಗ್ರಿಗೆ ಇಳಿಸುವುದು, ಪನೀರಿನ ಜೊತೆ ಅದೇ ಟೆಂಪೋದಲ್ಲಿ ಐಸ್ ಪೆಟ್ಟಿಗೆಯಲ್ಲಿ ಕಳಿಸಿ, ಮರುದಿನಕ್ಕೆ ಇಡದೆ ಮುಗಿಸಲು ಹೇಳುವುದು. ಎರಡು ಹೋಟೆಲಿನಿಂದ ಶುರು ಮಾಡಿ. ಹಾಲಿನ ಅಂಶ ಇದೆ ಎಂಬುದನ್ನು ಕ್ಯಾನಿನ ಮೇಲೆ ಬರೆಯಲೇಬೇಕು. ಹಾಲು ಒಗ್ಗದವರು ಚಪಾತಿ ಕೇಳಿದಾಗ ಅಡುಗೆಭಟ್ಟರಿಗೆ ಗೊತ್ತಿರಬೇಕಲ್ಲ.

ಪನೀರ್ ಮಾಡುವ ಹಳಬರು ನಿನ್ನೆಯ ಹುಳಿ ನೀರನ್ನೇ ಇಂದಿನ ಹಾಲು ಒಡೆಯಲು ಬಳಸುವುದುಂಟು. ಒಳ್ಳೆಯ ಜಾಣತನ, ಸಿಟ್ರಿಕ್ ಆಮ್ಲ ಉಳಿಯುತ್ತದೆ. ಆದರೆ ಇದೂ ಸುತ್ತು. ಒಂದು ದಿನ ಕ್ಯಾನು ಸರಿಯಾಗಿ ತೊಳೆಯದಿದ್ದರೆ ಆ ದಿನದ ಕೊಳೆ ಮರುದಿನಕ್ಕೆ, ಅಲ್ಲಿಂದ ಮೂರನೆಯ ದಿನಕ್ಕೆ ಬಳುವಳಿಯಾಗಿ ಸಾಗುತ್ತದೆ. ಮಾಡುವುದಾದರೆ ವಾರಕ್ಕೊಮ್ಮೆ ಸರಪಳಿ ಕಡಿಯಿರಿ: ಹಳೆಯದನ್ನೆಲ್ಲ ಬಿಟ್ಟು, ಹೊಸ ಸಿಟ್ರಿಕ್ ಆಮ್ಲದಿಂದ ಮತ್ತೆ ಮೊದಲಿನಿಂದ. ಪೈಪು ತೊಳೆಯುವ ಕಾಸ್ಟಿಕ್ ಸೋಡಾದ ಮೊದಲ ನೀರು ಅದೇ ಕ್ಯಾನಿಗೆ ಸೇರಿದ್ದನ್ನೂ ನಾನು ಕಂಡಿದ್ದೇನೆ. ಆ ಪೈಪಿಗೆ ಬೇರೆ ಬಾಯಿ ಇಡಿಸಿ.

ಮಗಳ ಪಟ್ಟಿಯಲ್ಲಿ ನನಗೆ ಖಂಡಿತ ಬೇಡ ಅನ್ನಿಸಿದ್ದು ಒಂದೇ, ಕಾಯಿ ಚರಟ ಹುದುಗಿಸುವುದು. ಇಂಡೋನೇಷ್ಯಾದ ಜಾವಾದಲ್ಲಿ ಬಡವರು ತೆಂಗಿನಹಾಲು ಹಿಂಡಿ ಉಳಿದ ಚರಟಕ್ಕೆ ಬೂಷ್ಟು ಹೆಪ್ಪು ಹಾಕಿ ಟೆಂಪೆ ಬೊಂಗ್‌ಕ್ರೆಕ್ ಎಂಬ ತಿಂಡಿ ಮಾಡುತ್ತಿದ್ದರು. ಬೂಷ್ಟು ಚೆನ್ನಾಗಿ ಹಿಡಿದರೆ ಏನೂ ಇಲ್ಲ. ಅದು ಸೋತ ದಿನ ಬುರ್ಖೊಲ್ಡೇರಿಯಾ ಜಾತಿಯ ಒಂದು ಬ್ಯಾಕ್ಟೀರಿಯಾ ಆ ಚರಟದಲ್ಲಿ ಬೊಂಗ್‌ಕ್ರೆಕಿಕ್ ಆಮ್ಲ ಎಂಬ ವಿಷ ಮಾಡುತ್ತಿತ್ತು. ಬಣ್ಣವಿಲ್ಲ, ರುಚಿಯಿಲ್ಲ, ಬೇಯಿಸಿದರೂ ಹೋಗದು. ನೂರಾರು ಜನ ಸತ್ತರು, ಕೊನೆಗೆ 1988ರಲ್ಲಿ ಅಲ್ಲಿನ ಸರಕಾರ ಅದನ್ನು ಮಾಡುವುದನ್ನೇ ನಿಷೇಧಿಸಿತು. ಅದೇ ನಾಡಿನಲ್ಲಿ ಸೋಯಾ ಚರಟವನ್ನು ಹುದುಗಿಸಿ ಒಂಚೊಮ್ ಎಂಬುದನ್ನು ಇವತ್ತಿಗೂ ತಿನ್ನುತ್ತಾರೆ. ತೆಂಗಿನ ಕೊಬ್ಬು ಆ ಬ್ಯಾಕ್ಟೀರಿಯಾಕ್ಕೆ ಪ್ರಿಯ, ಸೋಯಾ ಅಷ್ಟಲ್ಲ. ಜಾವಾದ ಹವೆಗೂ ನಮ್ಮ ಹವೆಗೂ ಅಂಥ ವ್ಯತ್ಯಾಸವಿಲ್ಲ. ತೆಂಗು ನಮ್ಮದೇ, ಅದರಿಂದ ಏನೂ ಆಗದು ಎಂಬ ಸಲುಗೆ ನಮಗಿದೆಯಲ್ಲ, ಅದಕ್ಕಾಗಿ ಇಷ್ಟು ಹೇಳಿದೆ. ಕಾಯಿ ಚರಟವನ್ನು ಹಸಿಯಾಗಿ ರಾತ್ರಿ ಉಳಿಸಲೇಬೇಡಿ. ಹಿಂಡಿದ ಗಂಟೆಯೊಳಗೆ ಬಾಣಲೆಗೋ ಡ್ರೈಯರಿಗೋ ಹಾಕಿ ಗರಿಗರಿ ಒಣಗಿಸಿದರೆ ಚಟ್ನಿಪುಡಿಗೆ, ಬರ್ಫಿಗೆ ಸೊಗಸಾದ ಸರಕು. ಕೊಬ್ಬು ಇನ್ನೂ ಉಳಿದಿರುವುದರಿಂದ ಬೇಗ ಕಮಟು ಹಿಡಿಯುತ್ತದೆ, ವಾರ ಹತ್ತು ದಿನದಲ್ಲಿ ಖರ್ಚಾಗುವಷ್ಟೇ ಮಾಡಿ. ದಿನಕ್ಕೆ ಇಪ್ಪತ್ತು ಕಿಲೋ ಚಿಲ್ಲರೆ ಹಸಿ ಚರಟ ನಿಮ್ಮಲ್ಲಿ ಬರುತ್ತಿರಬಹುದು. ಮಗಳು ಮೊದಲು ಕೈಹಾಕಬೇಕಾದ ಸರಕು ಇದೇ ಎಂದು ನನ್ನ ಅಭಿಪ್ರಾಯ. ಬಿಸ್ಕತ್ತಿಗಿಂತ ಚಟ್ನಿಪುಡಿ ನಿಮಗೆ ಗೊತ್ತಿರುವ ವಿದ್ಯೆ.

ಇನ್ನು ಎಮ್ಮೆಗಳು. ಸಂಜೆಯೊಳಗೆ ಡ್ರಮ್ಮಿನಲ್ಲಿ ಬೂಷ್ಟು ಬರುವುದಿಲ್ಲ ನಿಜ. ಬರುವುದು ತಬೇಲಾದಲ್ಲಿ, ನಿಮ್ಮ ಚರಟ ಎರಡು ಮೂರು ದಿನ ಉಳಿದಾಗ, ಅಥವಾ ಶೇಂಗಾ ಹಿಂಡಿ, ಕೊಬ್ಬರಿ ಹಿಂಡಿಯ ಚೀಲಗಳು ಮಳೆಗಾಲದಲ್ಲಿ ತೇವ ಎಳೆದುಕೊಂಡಾಗ. ಆಸ್ಪರ್ಜಿಲಸ್ ಎಂಬ ಹಸಿರು ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ಯಕೃತ್ತನ್ನು ಕೆಡಿಸುವ ವಿಷ, ಕ್ಯಾನ್ಸರಿಗೂ ಕಾರಣ. ಜಗತ್ತಿಗೆ ಇದರ ಪರಿಚಯವಾದದ್ದೇ ಉಪ-ಉತ್ಪನ್ನದಿಂದ: 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ನಮ್ಮಲ್ಲಿ 1974ರಲ್ಲಿ ಗುಜರಾತ್-ರಾಜಸ್ಥಾನದ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಹಸುವೋ ಎಮ್ಮೆಯೋ ಇದನ್ನು ತಿಂದರೆ ಅದರ ಒಂದು ಪಾಲು ಎಂ1 ಎಂಬ ರೂಪದಲ್ಲಿ ಹಾಲಿಗೆ ಇಳಿಯುತ್ತದೆ. ಹಾಲಿನಲ್ಲಿ ನಮ್ಮ ದೇಶದ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ. ಕಾಯಿಸಿದರೆ ಹೋಗುವುದಿಲ್ಲ. ಅದು ಹಾಲಿನ ಕೇಸೀನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುವ ಗುಣದ್ದು, ಅಂದರೆ ಪನೀರ್ ಮಾಡಿದಾಗ ಹಾಲಿನಲ್ಲಿದ್ದದ್ದಕ್ಕಿಂತ ಪನೀರಿನಲ್ಲಿ ದಟ್ಟವಾಗುತ್ತದೆ. ನಿಮ್ಮ ಪನೀರಿನಲ್ಲಿ.

ಸುತ್ತು ಪೂರ್ತಿಯಾಯಿತು ನೋಡಿ. ಇದೇ ಗುಣದ ಅತಿ ದೊಡ್ಡ ಪಾಠವನ್ನು ಬ್ರಿಟನ್ ಕಲಿತದ್ದು ಹುಚ್ಚು ಹಸುವಿನ ರೋಗದಲ್ಲಿ. ಕಸಾಯಿಖಾನೆಯ ಮಾಂಸ-ಮೂಳೆಯ ಪುಡಿಯನ್ನು ಮತ್ತೆ ದನಗಳಿಗೇ ತಿನ್ನಿಸಿದರು, ರೋಗ ದನದಿಂದ ದನಕ್ಕೆ ಸುತ್ತು ಹೊಡೆದು ದಟ್ಟವಾಯಿತು. 1986ರಲ್ಲಿ ಗುರುತಿಸಿದರು, 1988ರಲ್ಲಿ ಆ ಮೇವನ್ನು ನಿಷೇಧಿಸಿದರು. ನಿಮ್ಮ ಸಸ್ಯಾಹಾರದ ಚರಟಕ್ಕೆ ಆ ಭಯ ಇಲ್ಲ. ಆದರೆ ತಬೇಲಾದವರು ನಿಮ್ಮ ಡ್ರಮ್ಮಿನ ಮೇಲೆ ಬೇರೆ ಹೋಟೆಲಿನ ಎಂಜಲನ್ನೂ ಸುರಿದುಕೊಂಡು ಹೋಗುತ್ತಾರೆಯೇ? ವಿಚಾರಿಸಿ. ಅನ್ನ, ಪಾವ್ ರಾಶಿ ರಾಶಿಯಾಗಿ ಒಮ್ಮೆಲೇ ತಿಂದ ಎಮ್ಮೆಗೆ ಹೊಟ್ಟೆಯಲ್ಲಿ ಹುಳಿಯೇರಿ ಪ್ರಾಣಕ್ಕೇ ಬರುತ್ತದೆ. ಹೊಸ ಮೇವನ್ನು ವಾರ ಹದಿನೈದು ದಿನ ಹಿಡಿದು ಸ್ವಲ್ಪಸ್ವಲ್ಪವೇ ಏರಿಸಬೇಕು ಎಂಬುದು ಅವರಿಗೂ ಗೊತ್ತಿರುತ್ತದೆ, ಗಡಿಬಿಡಿಯಲ್ಲಿ ಬಿಡುತ್ತಾರೆ.

ನಾನಾದರೆ ತಬೇಲಾದವರೊಂದಿಗೆ ಚಹಾ ಕುಡಿಯುತ್ತಾ ಕೂತು ಮಾತಾಡುತ್ತಿದ್ದೆ. ಸಂಜೆಯ ಬದಲು ಬೆಳಿಗ್ಗೆ ಹಾಲು ತಂದಾಗಲೇ ಚರಟ ಒಯ್ಯಲಿ, ಟೆಂಪೋ ಹೇಗೂ ಖಾಲಿ ಹೋಗುತ್ತದೆ. ಆ ಹೊತ್ತಿಗೆ ಸಿದ್ಧವಿರುವಷ್ಟು ಮಾತ್ರ. ಎರಡು ಡ್ರಮ್ಮು, ಒಂದು ಇಲ್ಲಿ ಒಂದು ಅಲ್ಲಿ, ಖಾಲಿ ಬರುವುದು ತೊಳೆದೇ ಬರಬೇಕು. ಮುಚ್ಚಳದ ಮೇಲೆ ಚಾಕಿನಲ್ಲಿ ತಾರೀಕು ಮತ್ತು ಗಂಟೆ. ಅಂದಿನದು ಅಂದೇ ತಿನ್ನಿಸಬೇಕು, ಉಳಿದದ್ದು ಗೊಬ್ಬರಕ್ಕೆ. ಅವರ ಹಿಂಡಿಯ ಕೋಣೆಯನ್ನು ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡಿ, ಚೀಲಗಳು ನೆಲಕ್ಕೆ ತಾಗಿವೆಯೋ ಹಲಗೆಯ ಮೇಲಿವೆಯೋ ಎಂದು. ಜುಲೈ-ಆಗಸ್ಟಿನಲ್ಲಿ ಎರಡು ಸಲ ಆ ಹಾಲನ್ನು ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿಗೆ ಎಂ1 ಪರೀಕ್ಷೆಗೆ ಕಳಿಸಿ. ನಿಮ್ಮ ಹಾಲಿನಲ್ಲಿ ಅರ್ಧ ಅವರದ್ದೇ, ಕೇಳುವ ಹಕ್ಕಿದೆ.

ಘಟಕದೊಳಗೆ ಒಂದು ಕಟ್ಟುನಿಟ್ಟು ಇರಲಿ: ಇಳಿದದ್ದು ಏರಬಾರದು. ಮನುಷ್ಯರಿಗೆಂದು ಇಟ್ಟದ್ದು ದನಕ್ಕೆ ಇಳಿಯಬಹುದು, ದನಕ್ಕೆಂದು ಇಟ್ಟದ್ದು ಗೊಬ್ಬರಕ್ಕೋ ಬಯೋಗ್ಯಾಸಿಗೋ ಇಳಿಯಬಹುದು, ಹಿಂದಕ್ಕೆ ಏರುವಂತಿಲ್ಲ. ಸ್ಟೀಲ್ ಪಾತ್ರೆ ಮನುಷ್ಯರಿಗೆ, ನೀಲಿ ಡ್ರಮ್ಮು ದನಕ್ಕೆ, ಕಪ್ಪು ಡ್ರಮ್ಮು ಗ್ಯಾಸಿಗೆ. ನಿಮ್ಮಲ್ಲಿ ಕೆಲಸಕ್ಕಿರುವ ಹುಡುಗರು ಯಾವ ಭಾಷೆಯವರಾದರೂ ಬಣ್ಣ ಓದುತ್ತಾರೆ. ಸೋಯಾಕ್ಕೂ ಹಾಲಿಗೂ ಬೇರೆ ಬೇರೆ ಬಟ್ಟೆ, ಬೇರೆ ಪಾತ್ರೆ. ಹಾಲು ಒಗ್ಗದವರೇ ತೋಫು ಕೊಳ್ಳುವುದು ಎಂಬುದನ್ನು ನೆನಪಿಡಿ. ಸೋಯಾ, ಹಾಲು ಎರಡೂ ಪೊಟ್ಟಣದ ಮೇಲೆ ಅಲರ್ಜಿಯ ಎಚ್ಚರಿಕೆಯಾಗಿ ನಮೂದಿಸಲೇಬೇಕಾದ ಪದಾರ್ಥಗಳು.

ಗ್ಯಾಸಿನ ವಿಷಯ ಚುಟುಕಾಗಿ. ಪಿಷ್ಟ, ಸಕ್ಕರೆಯ ಉಳಿಕೆಯಿಂದ ಸಗಣಿಗಿಂತ ಎಷ್ಟೋ ಬೇಗ ಗ್ಯಾಸ್ ಬರುತ್ತದೆ ಎಂಬುದನ್ನು ಪುಣೆಯ ‘ಆರತಿ’ ಎಂಬ ಗ್ರಾಮೀಣ ತಂತ್ರಜ್ಞಾನ ಸಂಸ್ಥೆಯಲ್ಲಿ ಆನಂದ ಕರ್ವೆಯವರು ಪುಟ್ಟ ಮನೆ ಘಟಕಗಳಲ್ಲಿ ಮಾಡಿ ತೋರಿಸಿದರು. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ ನಿಸರ್ಗಋಣ ಘಟಕ ಅಡುಗೆಮನೆಯ ಹಸಿ ಕಸಕ್ಕೆಂದೇ ರೂಪಿಸಿದ್ದು. ನಿಮ್ಮ ಪನೀರ್ ನೀರನ್ನು ಒಂದೇ ಸಲ ಸುರಿದರೆ ಮಾತ್ರ ತೊಟ್ಟಿ ಹುಳಿಯಾಗಿ ನಿಂತುಹೋಗುತ್ತದೆ. ಸಗಣಿಯ ಜೊತೆ ಬೆರೆಸಿ ಸ್ವಲ್ಪಸ್ವಲ್ಪವೇ ಉಣಿಸಬೇಕು, ಅದಕ್ಕೂ ಒಂದು ಹೊಟ್ಟೆ ಇದೆಯಲ್ಲ. ತಬೇಲಾದಲ್ಲೇ ಗ್ಯಾಸ್ ಘಟಕ ಇದ್ದರೆ ಹೋಟೆಲುಗಳಿಗೆ ಹೋಗಿ ಉಳಿದ ನೀರಿಗೆಲ್ಲ ಅದೇ ದಾರಿ.

ನೀವು ಕೇಳಲಿಲ್ಲ, ಆದರೂ ಹೋಟೆಲಿನವರ ನಂಟು ಇರುವುದರಿಂದ ಕರಿದ ಎಣ್ಣೆಯ ಮಾತು ಒಂದು ಸಾಲು. ಎಣ್ಣೆ ಮತ್ತೆ ಮತ್ತೆ ಕಾದು ಕೆಟ್ಟಾಗ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇಕಡಾ 25 ದಾಟಿದರೆ ಅದು ಅಡುಗೆಗೆ ನಿಷಿದ್ಧ, 2018ರ ಜುಲೈಯಿಂದ ಜಾರಿಯಲ್ಲಿರುವ ನಿಯಮ. ಅದನ್ನು ಬಯೋಡೀಸೆಲ್‌ಗೆ ಒಯ್ಯುವ ಅಧಿಕೃತ ಸಂಗ್ರಾಹಕರಿಗೆ ಕೊಟ್ಟು ರಸೀದಿ ಇಟ್ಟುಕೊಳ್ಳಬೇಕು. ‘ಸಾಬೂನಿಗೆ’ ಎಂದು ಹೇಳಿ ಹೆಚ್ಚು ದುಡ್ಡು ಕೊಟ್ಟು ಒಯ್ಯುವವರ ಎಣ್ಣೆ ಸ್ಟೇಷನ್ ಹೊರಗಿನ ಯಾವ ಬಾಣಲೆಗೆ ಹೋಗುತ್ತದೆ ಎಂದು ನೀವೇ ಊಹಿಸಿಕೊಳ್ಳಿ. ಅದೂ ಸುತ್ತೇ.

ಲೈಸೆನ್ಸಿನ ಬಗ್ಗೆ: ಚಟ್ನಿಪುಡಿ, ಬಿಸ್ಕತ್ತು, ಪಾನೀಯ ಇವೆಲ್ಲ ಬೇರೆ ಬೇರೆ ವರ್ಗದ ಆಹಾರ. ಈಗಿರುವ ಎಫ್‌ಎಸ್‌ಎಸ್‌ಎಐ ಪರವಾನಗಿಯಲ್ಲಿ ಆ ವರ್ಗವನ್ನು ಸೇರಿಸಿಕೊಳ್ಳದೆ ಮಾರಬೇಡಿ. ಲ್ಯಾಬಿಗೆ ಕಳಿಸುವಾಗ ತೇವಾಂಶ, ಬೂಷ್ಟು, ಬ್ಯಾಸಿಲಸ್ ಸೀರಿಯಸ್, ಇ-ಕೋಲಿ, ಸಾಲ್ಮೊನೆಲ್ಲಾ ಇಷ್ಟನ್ನೂ ಕೇಳಿ. ಒಳ್ಳೆಯ ರಿಪೋರ್ಟು ಬಂದರೆ ಫ್ರೇಮು ಹಾಕಿಸಬೇಡಿ. ಅದು ಆ ಒಂದು ಪೊಟ್ಟಣದ ಜಾತಕ, ನಾಳಿನ ಪೊಟ್ಟಣದ್ದಲ್ಲ. ಮಾಟುಂಗಾದಲ್ಲೇ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಇದೆ, ಹಳಬರು ಯುಡಿಸಿಟಿ ಎನ್ನುತ್ತಾರೆ. ಅಲ್ಲಿನ ಆಹಾರ ವಿಭಾಗಕ್ಕೂ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೂ ಮಗಳು ಪತ್ರ ಬರೆಯಲಿ. ಒಣಗಿಸುವ ಹದ, ಪೊಟ್ಟಣದ ಆಯ್ಕೆ ಅವರು ದಿನನಿತ್ಯ ನೋಡುವ ಸಂಗತಿ.

ಇಷ್ಟೆಲ್ಲ ಆಮೇಲೆ. ನಾಳೆ ಉದ್ದ ಮೊನೆಯ ಒಂದು ಡಿಜಿಟಲ್ ಥರ್ಮಾಮೀಟರ್ ಕೊಂಡುತನ್ನಿ. ಬೆಳಿಗ್ಗೆ ಡ್ರಮ್ಮು ತುಂಬಿದ ಕೂಡಲೇ ನಡುವಿಗೆ ಚುಚ್ಚಿ, ಆಮೇಲೆ ಗಂಟೆಗೊಮ್ಮೆ ಸಂಜೆ ಗಾಡಿ ಬರುವವರೆಗೆ ಬರೆದಿಡಿ. ಪಕ್ಕದಲ್ಲೇ ಅದೇ ಚರಟವನ್ನು ಒಂದು ಟ್ರೇಯಲ್ಲಿ ಎರಡು ಸೆಂಟಿಮೀಟರ್ ದಪ್ಪಕ್ಕೆ ಹರವಿ ಅದನ್ನೂ ಅಳೆಯಿರಿ. ಎರಡೂ ಪಟ್ಟಿಯನ್ನು ಮಗಳ ಕೈಯಿಂದ ನನಗೆ ಕಳಿಸಿ. ಡ್ರೈಯರಿನ ಅಳತೆಯನ್ನು ಅದನ್ನು ನೋಡಿಯೇ ಹೇಳುತ್ತೇನೆ.